ಗುತ್ತಿನ ಮನೆ: ಒಂದು ಮಾಡು, ಹಲವು ಪಾಲು

ನಮ್ಮ ತುಳುನಾಡಿನವರು ಇಬ್ಬರು ಮುಂಬಯಿಯ ಲೋಕಲ್ ಟ್ರೈನಿನಲ್ಲಿ ಅಕಸ್ಮಾತ್ತಾಗಿ ಎದುರಾದರೆ ಕೇಳುವ ಮೊದಲ ಪ್ರಶ್ನೆ 'ಈರೆನ ಇಲ್ಲ್ ಓಲು?' ಅಂತ. ಮನೆ ಎಲ್ಲಿ ಎಂದು ಕೇಳಿದ್ದು ನಿಜ. ಆದರೆ ಡೊಂಬಿವಲಿ, ಮೀರಾ ರೋಡ್, ಚೆಂಬೂರು ಎಂದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. 'ಅದು ಅಲ್ಲ ಮಾರಾಯ್ರೆ, ಊರುಡು?' ಎಂದು ಮರುಪ್ರಶ್ನೆ ಬರುತ್ತದೆ. ಊರಿನ ಹೆಸರು ಹೇಳಿದ ಮೇಲೂ ಬಿಡುವುದಿಲ್ಲ, ಮನೆಯ ಹೆಸರು ಬೇಕು. ಇಲ್ಲಿ ನಡೆಯುವ ಮದುವೆಗಳ ಕಾಗದ ತೆಗೆದು ನೋಡಿ. ವರ ಹುಟ್ಟಿದ್ದು ಘಾಟ್ಕೋಪರದಲ್ಲಿ, ಕೆಲಸ ಪುಣೆಯಲ್ಲಿ, ಹೆಸರಿನ ಮುಂದೆ ಮಾತ್ರ ಅವನು ಜೀವಮಾನದಲ್ಲಿ ನಾಲ್ಕು ಸಲ ಕಂಡ ಒಂದು ಗುತ್ತಿನ ಹೆಸರು!

ಆ ಹೆಸರಿನ ಹಿಂದೆ ಇರುವ ಮನೆ ಎಂಥದು, ಅದು ಹಾಗೇಕೆ ಕಟ್ಟಲ್ಪಟ್ಟಿತು, ಯಾರ ಕೈಯಿಂದ, ಯಾರಿಗಾಗಿ ಎಂಬುದನ್ನು ನನಗೆ ತಿಳಿದಷ್ಟು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈಗ ಬರೆಯಲು ಒಂದು ಕಾರಣವೂ ಒದಗಿದೆ. ಅದನ್ನು ಕೊನೆಗೆ ಹೇಳುತ್ತೇನೆ.

'ಗುತ್ತು' ಎಂದರೆ ಬರೀ ದೊಡ್ಡ ಮನೆ ಎಂದು ಅರ್ಥವಲ್ಲ. ಅದು ಒಂದು ಸ್ಥಾನ. ಗುತ್ತಿಗೆ ಎಂಬ ಪದದ ನೆಂಟಸ್ತಿಕೆ ಇದಕ್ಕಿದೆ ಎನ್ನುವವರಿದ್ದಾರೆ. ಹಳೆಯ ಕಾಲದಲ್ಲಿ ತುಳುನಾಡನ್ನು ಸೀಮೆ, ಮಾಗಣೆ, ಗ್ರಾಮ ಎಂದು ಭಾಗ ಮಾಡಿದ್ದರು. ಮೇಲೆ ಆಳುವವರು ಬದಲಾಗುತ್ತಾ ಹೋದರು. ಆಳುಪರು, ವಿಜಯನಗರದವರು, ಕೆಳದಿಯ ನಾಯಕರು, 1763ರ ನಂತರ ಹೈದರ್ ಮತ್ತು ಟಿಪ್ಪು, 1799ರಿಂದ ಇಂಗ್ಲಿಷರು. ಕೆಳಗೆ ಗ್ರಾಮದ ಮಟ್ಟದಲ್ಲಿ ಜಗಳ ತೀರ್ಮಾನಿಸುವುದು, ದೈವದ ನೇಮ ನಡೆಸುವುದು, ಕಂಬಳದ ಗದ್ದೆಗೆ ಕೋಣ ಇಳಿಸುವ ದಿನ ಗೊತ್ತುಮಾಡುವುದು, ಇವೆಲ್ಲ ಕೆಲವು ಮನೆಗಳ ಜವಾಬ್ದಾರಿಯಾಗಿತ್ತು. ಜೈನ ಅರಸು ಮನೆತನಗಳ ಮನೆ 'ಬೀಡು'. ಅದರ ಕೆಳಗೆ ಗುತ್ತು, ಬಾರಿಕೆ, ಪರಾರಿ ಹೀಗೆ ಮನೆಗಳಿಗೇ ದರ್ಜೆ. ಗುತ್ತಿನ ಹಿರಿಯನಿಗೆ ದೈವದ ಎದುರು 'ಗಡಿ' ಹಿಡಿಯುವ ಕ್ರಮ ಇತ್ತು, ಇವತ್ತಿಗೂ ಇದೆ. ಹಾಗಾಗಿ ಗುತ್ತಿನ ಮನೆ ಎಂದರೆ ಅರ್ಧ ಮನೆ, ಅರ್ಧ ಕಚೇರಿ, ಜೊತೆಗೆ ಒಂದು ಗುಡಿ. ಈ ಮೂರನ್ನೂ ನೆನಪಿಟ್ಟುಕೊಂಡರೆ ಆ ಮನೆಯ ನಕ್ಷೆ ತಾನಾಗಿ ಅರ್ಥವಾಗುತ್ತದೆ.

ಘಟ್ಟದ ಮೇಲಿನವರು ನಮ್ಮೂರಿಗೆ ಬಂದರೆ 'ಊರು ಎಲ್ಲಿದೆ?' ಎಂದು ಕೇಳುತ್ತಾರೆ. ಬಯಲುಸೀಮೆಯಲ್ಲಿ ಬೀದಿ ಇರುತ್ತದೆ, ಬೀದಿಯ ಎರಡೂ ಕಡೆ ಗೋಡೆಗೆ ಗೋಡೆ ತಾಗಿಕೊಂಡ ಮನೆಗಳಿರುತ್ತವೆ. ನಮ್ಮಲ್ಲಿ ಹಾಗಿಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ಗುಡ್ಡದ ಆಚೆ. 14ನೇ ಶತಮಾನದಲ್ಲಿ ಈ ಕರಾವಳಿಯುದ್ದಕ್ಕೂ ಹಾದು ಮಂಗಳೂರನ್ನೂ ಕಂಡ ಪ್ರವಾಸಿ ಇಬ್ನ್ ಬತೂತ, ಇಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ತೋಟ, ತೋಟದ ನಡುವೆ ಮನೆ, ಸುತ್ತ ಮರದ ಬೇಲಿ ಎಂಬರ್ಥದಲ್ಲಿ ಬರೆದಿದ್ದಾನೆ. ಆರುನೂರೈವತ್ತು ವರ್ಷ ಕಳೆದರೂ ಈ ಮಾತು ನಮ್ಮ ಊರುಗಳಿಗೆ ಹೊಂದುತ್ತದೆ ನೋಡಿ.

ಕಾರಣ ನೆಲದಲ್ಲೇ ಇದೆ. ನಮ್ಮದು ಗುಡ್ಡ ಮತ್ತು ಗುಡ್ಡದ ನಡುವಿನ ಬೈಲು. ಬೈಲಿನಲ್ಲಿ ಗದ್ದೆ, ಮಳೆಗಾಲದಲ್ಲಿ ಅಲ್ಲಿ ನೀರು. ಗುಡ್ಡದ ನೆತ್ತಿಯಲ್ಲಿ ಕರಗದ ಮುರಕಲ್ಲು, ಅಲ್ಲಿ ಬಾವಿ ತೋಡಲು ಆಗದು. ಎರಡರ ನಡುವೆ ಗುಡ್ಡದ ಬುಡದಲ್ಲಿ, ಬೈಲಿಗೆ ಮುಖ ಮಾಡಿ ಮನೆ ಕಟ್ಟಿದರು. ಎದುರಿಗೆ ಬಾಕಿಮಾರು ಗದ್ದೆ, ಹಿಂದೆ ಸೊಪ್ಪು ಸೌದೆಯ ಗುಡ್ಡ, ಒಂದು ಬದಿಯಲ್ಲಿ ನಾಗಬನ. ಮನೆಯ ಯಜಮಾನ ಚಾವಡಿಯಲ್ಲಿ ಕೂತಲ್ಲಿಂದಲೇ ಗದ್ದೆಯಲ್ಲಿ ಯಾರು ಉಳುತ್ತಿದ್ದಾರೆ, ಯಾರು ನೇಜಿ ನೆಡುತ್ತಿದ್ದಾರೆ ಎಂದು ನೋಡಬಹುದಿತ್ತು.

ಇನ್ನು ಮಳೆ. ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆದ್ದರಿಂದ ನಮ್ಮ ಮನೆಯಲ್ಲಿ ಮುಖ್ಯವಾದದ್ದು ಮಾಡು. ಗೋಡೆ ಆಮೇಲಿನ ಮಾತು. ಕಡಿದಾದ ಇಳಿಜಾರಿನ ಮಾಡು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು ಎಂಬಷ್ಟು ತಗ್ಗಿಗೆ ಇಳಿದ ಸೂರು. ಹೊಸಬರಿಗೆ ಇದು ವಿನಯ ಕಲಿಸಲು ಮಾಡಿದ್ದು ಎಂದು ಹೇಳುವ ರೂಢಿ ಇದೆ. ಇರಬಹುದು! ಆದರೆ ಮೊದಲ ಕಾರಣ ಮಣ್ಣಿನ ಗೋಡೆಗೆ ಎರಚಲು ಬಡಿಯಬಾರದು ಎಂಬುದು. ಮಣ್ಣಿನ ಗೋಡೆಗೆ ಮೇಲೆ ಒಳ್ಳೆಯ ಕೊಡೆ, ಕೆಳಗೆ ಮುರಕಲ್ಲಿನ ಎತ್ತರದ ಪಂಚಾಂಗ ಇದ್ದರೆ ಅದು ಇನ್ನೂರು ವರ್ಷವೂ ನಿಲ್ಲುತ್ತದೆ. ಮಾಡು ಒಂದು ಮಳೆಗಾಲ ಸೋರಿತೋ, ಮೂರನೆಯ ಮಳೆಗಾಲಕ್ಕೆ ಗೋಡೆ ಕುಳಿತುಬಿಡುತ್ತದೆ.

ಅಂದ ಹಾಗೆ ಈ ಮುರಕಲ್ಲಿಗೆ ಇಂಗ್ಲಿಷಿನಲ್ಲಿ 'ಲ್ಯಾಟರೈಟ್' ಎಂಬ ಹೆಸರು ಬಂದದ್ದೂ ಈ ಪಶ್ಚಿಮ ಕರಾವಳಿಯಿಂದಲೇ. ಟಿಪ್ಪು ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಾಡಿಪುರದ ಬಳಿ ಜನ ನೆಲದಿಂದಲೇ ಇಟ್ಟಿಗೆಯಂತೆ ಕಲ್ಲು ಕಡಿಯುವುದನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನೆಲದಲ್ಲಿರುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದಂತೆ ಗಟ್ಟಿ, ಇದು ಮುರಕಲ್ಲಿನ ಗುಣ.

ಈಗ ಒಳಗೆ ಹೋಗೋಣ. ಮೊದಲು ಸಿಗುವುದು ಪಡಿಪ್ಪಿರೆ, ಅಂದರೆ ಮಾಡು ಇರುವ ಹೆಬ್ಬಾಗಿಲು, ಎರಡೂ ಕಡೆ ಕೂರಲು ಜಗಲಿ. ಪರಿಚಯವಿಲ್ಲದವರು ಅಲ್ಲಿಯೇ ನಿಂತು ಸ್ವರ ಹಾಕಬೇಕು. ದಾಟಿದರೆ ಅಂಗಳ. ಸೆಗಣಿ ಸಾರಿಸಿದ ಈ ಅಂಗಳ ಕುಯ್ಲಿನ ಸಮಯದಲ್ಲಿ ಭತ್ತ ಬಡಿಯುವ ಕಣ, ನೇಮದ ರಾತ್ರಿ ರಂಗಸ್ಥಳ, ಮದುವೆಗೆ ಚಪ್ಪರ. ಅಂಗಳದಿಂದ ಮೆಟ್ಟಿಲು ಹತ್ತಿದರೆ ಚಾವಡಿ. ಗುತ್ತಿನ ಮನೆಯ ಮುಖ ಎಂದರೆ ಈ ಚಾವಡಿಯೇ. ಎದುರಿಗೆ ಗೋಡೆ ಇಲ್ಲ, ಕಂಬಗಳು ಮಾತ್ರ. ಹಲಸಿನ ಮರದ ಕಂಬ, ಮೇಲೆ ಮರದ ಮುಚ್ಚಿಗೆ, ಒಂದು ಬದಿಯಲ್ಲಿ ಯಜಮಾನನ ಪೀಠ, ಕೆಲವು ಮನೆಗಳಲ್ಲಿ ದೈವದ ಉಜ್ಜಾಲು. ಆ ಉಯ್ಯಾಲೆಯಲ್ಲಿ ಮನುಷ್ಯರು ಕೂರುವುದಿಲ್ಲ. ಪಂಚಾಯಿತಿ ನಡೆಯುತ್ತಿದ್ದದ್ದು ಈ ಚಾವಡಿಯಲ್ಲೇ.

ಚಾವಡಿಯ ಹಿಂದೆ ದಪ್ಪ ದಾರಂದದ ತಗ್ಗು ಬಾಗಿಲು, ಎತ್ತರದ ಹೊಸ್ತಿಲು. ಒಳಗೆ ನಡುಮನೆ, ದೈವದ ಕೋಣೆ, ಭತ್ತ ತುಂಬುವ ಪತ್ತಾಯ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ಇಡುವ ಜಾಗ. ದೊಡ್ಡ ಮನೆಯಾದರೆ ನಾಲ್ಕು ಸುತ್ತು, ನಡುವೆ ಆಕಾಶಕ್ಕೆ ತೆರೆದ ಒಳ ಅಂಗಳ. ಬ್ರಾಹ್ಮಣರ ಇಂಥ ಮನೆಗಳಿಗೆ ಉಡುಪಿ, ಕುಂದಾಪುರದ ಕಡೆ ಚೌಕಿ ಮನೆ ಎನ್ನುತ್ತಾರೆ. ಘಟ್ಟ ಹತ್ತಿದರೆ ತೊಟ್ಟಿ ಮನೆ, ದಕ್ಷಿಣಕ್ಕೆ ಹೋದರೆ ಕೇರಳದ ನಾಲುಕೆಟ್ಟು. ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಹಿಂಬದಿಗೆ ಅಡಿಗೆಮನೆ. ಒಲೆಯ ಹೊಗೆ ಅಟ್ಟಕ್ಕೆ ಏರಿ ಮಾಡಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಆ ಹೊಗೆಯಿಂದಲೇ ಪಕ್ಕಾಸು ರೀಪುಗಳಿಗೆ ಹುಳ ಹಿಡಿಯುತ್ತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ನಮ್ಮ ಮನೆಯ ಮಾಡಿಗೆ ಒರಲೆ ಬಂತು ಎಂದು ನನ್ನ ದೊಡ್ಡಮ್ಮ ಹೇಳುತ್ತಿದ್ದರು. ಅದರಲ್ಲಿ ಅರ್ಥವಿದೆ.

ಕಂಬಗಳ ಕೆತ್ತನೆಯ ಬಗ್ಗೆ ಒಂದು ಮಾತು. ಮೂಡುಬಿದಿರೆಗೆ ಹೋದವರೆಲ್ಲ 1430ರ ಸಾವಿರ ಕಂಬದ ಬಸದಿ ನೋಡಿ ಬರುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಚೌಟರ ಅರಮನೆ ಇದೆ. ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ವಂಶದವಳು. ಅಲ್ಲಿಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀ ತುರಗ ಕೆತ್ತಿದ್ದಾರೆ. ಗುತ್ತಿನ ಮನೆಯ ಕಂಬದಲ್ಲಿ ಅಷ್ಟು ವೈಭವ ಇರುವುದಿಲ್ಲ. ಆದರೆ ಬುಡ ಚೌಕ, ನಡು ದುಂಡಗೆ, ತುದಿಯಲ್ಲಿ ಬಾಳೆಮೂತಿ, ಕಮಲ, ಬಳ್ಳಿ ಇಂಥ ಕೆಲಸ ನೋಡಿದರೆ ಬಸದಿಯ ಕಲ್ಲಿನ ಕಂಬವೂ ಚಾವಡಿಯ ಮರದ ಕಂಬವೂ ಒಂದೇ ನಾಡಿನ ಕೈಕೆಲಸ ಎಂದು ಗೊತ್ತಾಗುತ್ತದೆ.

ಈ ಮನೆ ಯಾರದ್ದು? ಇದು ಹೊರಗಿನವರಿಗೆ ಅರ್ಥವಾಗದ ಸಂಗತಿ. ನಮ್ಮಲ್ಲಿ ಬಂಟರಲ್ಲೂ ಇನ್ನೂ ಹಲವು ಸಮುದಾಯಗಳಲ್ಲೂ ಅಳಿಯಕಟ್ಟು, ಅಂದರೆ ಅಳಿಯಸಂತಾನ. ಭೂತಾಳ ಪಾಂಡ್ಯನ ಕತೆ ಎಲ್ಲರಿಗೂ ಗೊತ್ತು, ಅದು ಐತಿಹ್ಯ. ಕಾನೂನಿನ ಸಂಗತಿ ಇಷ್ಟು: ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಗಂಡನ ಮನೆಯಲ್ಲಿದ್ದರೂ ಹೆಣ್ಣುಮಗಳ ಹಕ್ಕು ತಾಯಿಮನೆಯಲ್ಲಿ, ಅವಳ ಮಕ್ಕಳೂ ಅಲ್ಲಿಯವರೇ. ಕುಟುಂಬದ ಅತ್ಯಂತ ಹಿರಿಯರು ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಹಾಗಾಗಿ ಗುತ್ತಿನ ಮನೆಯ ಒಳಭಾಗ ಅಕ್ಕತಂಗಿಯರ ಲೆಕ್ಕದಲ್ಲಿ ಬೆಳೆಯಿತು. ಬಾಣಂತನಕ್ಕೆ ಬರುವವರಿಗೆ ಒಂದು ಕೋಣೆ, ಗಂಡ ತೀರಿಕೊಂಡು ತಿರುಗಿ ಬಂದವಳಿಗೆ ಒಂದು ಕೋಣೆ, ಅಜ್ಜಿಗೆ ಒಂದು. ಗಂಡಸರಿಗೆ ಚಾವಡಿ ಸಾಕಿತ್ತು! ನನ್ನ ಅಜ್ಜಿಗೆ ಮೂರು ಸೊಂಟನೋವಿನ ಬಾಣಂತನ, ಎರಡು ಸಾವು, ಒಂದು ಕೋರ್ಟಿನ ವ್ಯಾಜ್ಯ, ಎಲ್ಲ ಆದದ್ದು ಒಂದೇ ಕೋಣೆಯಲ್ಲಿದ್ದುಕೊಂಡು. 'ಇದು ಎನ್ನ ಇಲ್ಲ್' ಎಂದು ಹೇಳಲು ಅವಳು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಈಗ ಮಾಡಿಗೆ ಬರೋಣ. ಗುತ್ತಿನ ಮನೆ ಎಂದಾಗ ನಮ್ಮ ಕಣ್ಣೆದುರು ಬರುವ ಕೆಂಪು ಹೆಂಚಿನ ಮಾಡು ಅಷ್ಟೇನೂ ಹಳೆಯದಲ್ಲ. ಅದಕ್ಕೆ ಮೊದಲು ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಮಾಡು, ಅನುಕೂಲಸ್ಥರಿಗೆ ಕುಂಬಾರರು ಮಾಡುವ ನಾಡ ಓಡು. ಪ್ರತಿ ವರ್ಷ ಹುಲ್ಲು ಹೊದೆಸಬೇಕು, ಒಂದು ಕಿಡಿ ಬಿದ್ದರೆ ಮನೆ ಬೂದಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮನ್ನು ಸೇರಿದವರಿಗೆ ಉದ್ಯೋಗ ಒದಗಿಸಲು ನೇಯ್ಗೆ, ಮುದ್ರಣ ಮೊದಲಾದವನ್ನು ಪ್ರಯತ್ನಿಸಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಂದದ್ದೂ ಅವರಿಂದಲೇ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ಶುರುಮಾಡಿದರು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಹೆಂಚನ್ನು ಫ್ರಾನ್ಸಿನ ಆಲ್ಸೇಸಿನ ಜಿಲಾರ್ಡೋನಿ ಸಹೋದರರು 1841ರಲ್ಲೇ ರೂಪಿಸಿದ್ದರು. ಅದೇ ತತ್ವ ನಮ್ಮ ಹೊಳೆಯ ಜೇಡಿಮಣ್ಣಿಗೆ ಸಿಕ್ಕಿತು. ಹೆಂಚಿಗೆ ಹೆಂಚು ಕೊಂಡಿ ಹಾಕಿಕೊಳ್ಳುವುದರಿಂದ ಗಾರೆ ಬೇಡ, ಮೊಳೆ ಬೇಡ, ಒಡೆದ ಒಂದನ್ನು ಮಾತ್ರ ತೆಗೆದು ಬದಲಿಸಬಹುದು. ಕೆಲವೇ ವರ್ಷಗಳಲ್ಲಿ ಊರಿನವರದೇ ಕಾರ್ಖಾನೆಗಳು ಎದ್ದವು, ಮಂಗಳೂರು ಹೆಂಚು ಹಡಗೇರಿ ಮುಂಬಯಿಗೆ, ಸಿಲೋನಿಗೆ, ಆಫ್ರಿಕಾದ ಕರಾವಳಿಗೆ ಹೋಯಿತು. ನಮಗಿಂತ ಮೊದಲು ಮುಂಬಯಿಗೆ ಬಂದ ವಲಸೆಗಾರ ನಮ್ಮೂರ ಹೆಂಚು ಎಂದು ನಾನು ತಮಾಷೆಗೆ ಹೇಳುವುದುಂಟು.

ಇಲ್ಲಿ ಒಂದು ಎಚ್ಚರಿಕೆ. ಹಳೆ ಹೆಂಚಿನ ಮೇಲೆ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865' ಎಂಬ ಅಚ್ಚು ಕಂಡ ಕೂಡಲೇ 'ನಮ್ಮ ಮನೆ 1865ರದ್ದು' ಎಂದು ಹೇಳಿಕೊಳ್ಳುವವರು ಬಹಳ. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಮನೆ ಅದಕ್ಕಿಂತ ಹಳೆಯದಿರಬಹುದು, ಹೆಂಚು ಅದಕ್ಕಿಂತ ಹೊಸದಿರಬಹುದು. ಒಂದನೆಯ ಮಹಾಯುದ್ಧದ ಸಮಯದಲ್ಲಿ ಜರ್ಮನ್ ಸಂಬಂಧದ ಕಾರಣಕ್ಕೆ ಮಿಷನ್ನಿನ ಕಾರ್ಖಾನೆಗಳನ್ನು ಇಂಗ್ಲಿಷ್ ಸರಕಾರ ವಶಪಡಿಸಿಕೊಂಡು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಹೆಂಚಿನ ಅಚ್ಚು ನೋಡಿ ಮಾಡಿನ ಕಾಲ ಸುಮಾರಾಗಿ ಹೇಳಬಹುದೇ ಹೊರತು ಮನೆಯ ಕಾಲವನ್ನಲ್ಲ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಇತಿಹಾಸವಾಗುವುದಿಲ್ಲ, ಬರೀ ಮನೆಯ ಬಡಾಯಿಯಾಗುತ್ತದೆ. ಪತ್ತಾಯ ತುಂಬಿದ ಭತ್ತ ಯಜಮಾನ ಉತ್ತು ಬೆಳೆದದ್ದಲ್ಲ. ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ತಂದು ಅಳೆದದ್ದು. ಅವರಿಗೂ ಕೆಳಗೆ ಮೂಲದಾಳುಗಳು, ಭೂಮಿಯ ಜೊತೆಗೇ ಲೆಕ್ಕಕ್ಕೆ ಸೇರುತ್ತಿದ್ದ ಜನ. 1843ರ ಕಾಯಿದೆಯಲ್ಲಿ ಗುಲಾಮಗಿರಿಗೆ ಕೋರ್ಟಿನ ಮನ್ನಣೆ ತಪ್ಪಿತಾದರೂ ಅಂಗಳದ ಗೆರೆ ಅಳಿಯಲಿಲ್ಲ. ಒಕ್ಕಲಿನವನು ಅಂಗಳದವರೆಗೆ, ಇನ್ನು ಕೆಲವರು ಪಡಿಪ್ಪಿರೆಯ ಹೊರಗೆ. ನೇಮದ ರಾತ್ರಿ ದೈವ ಕಟ್ಟಿದ ಪಂಬದರು, ನಲಿಕೆಯವರ ಎದುರು ಗುತ್ತಿನಾರರು ಕೈಮುಗಿದು ನಿಲ್ಲುತ್ತಿದ್ದರು. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯನಿಗೆ ಚಾವಡಿ ಏರುವ ಹಕ್ಕಿರಲಿಲ್ಲ. ಕಂಬದ ಚಂದ ನೋಡುವಾಗ ಆ ಮರ ಹೊತ್ತವರು ಎಲ್ಲಿ ನಿಂತು ಊಟ ಮಾಡುತ್ತಿದ್ದರು ಎಂಬುದೂ ನಮಗೆ ನೆನಪಾಗಬೇಕು.

ಮನೆ ಒಡೆದದ್ದು ಹೇಗೆ? ಹೆಚ್ಚಿನವರು 1974 ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕೆ ಮೂರು ಏಟು. ಮೊದಲನೆಯದು ಮುಂಬಯಿ. ಚಾವಡಿಯಲ್ಲಿ ಜಾಗವಿಲ್ಲದ, ಮಾವನ ಮಾತು ಸಹಿಸದ ಹುಡುಗರು ಹಡಗು, ಆಮೇಲೆ ಬಸ್ಸು ಹತ್ತಿ ಇಲ್ಲಿಗೆ ಬಂದರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಇಲ್ಲಿ ಬಂಟರ ಸಂಘ ಶುರುವಾದದ್ದು 1927ರಲ್ಲಿ ಎಂದರೆ ಆಗಲೇ ಎಷ್ಟು ಜನ ಬಂದಿದ್ದರು ಎಂದು ಊಹಿಸಬಹುದು. ಎರಡನೆಯದು 1949ರ ಮದರಾಸು ಅಳಿಯಸಂತಾನ ಕಾಯಿದೆ. ಅದಕ್ಕೆ ಮೊದಲು ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿ ಪಾಲು ಮಾಡುವಂತಿರಲಿಲ್ಲ. ಈ ಕಾಯಿದೆಯಿಂದ ಒಂದೊಂದು 'ಕವರು', ಅಂದರೆ ಒಬ್ಬ ತಾಯಿಯ ಸಂತತಿ, ತನ್ನ ಪಾಲು ಕೇಳಬಹುದಾಯಿತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು. ಚಾವಡಿಯನ್ನು ಹೇಗೆ ಪಾಲು ಮಾಡುತ್ತೀರಿ? ಕೆಲವು ಮನೆಗಳಲ್ಲಿ ನಡುವೆ ಗೋಡೆ ಬಂತು, ಕೆಲವು ಮನೆಗಳಲ್ಲಿ ಬೀಗ.

ಮೂರನೆಯದು ದೇವರಾಜ ಅರಸರ ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿಗೆ ಕೊಟ್ಟ ಜಮೀನು ಸರಕಾರಕ್ಕೆ ಸೇರಿ, ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂನ್ಯಾಯ ಮಂಡಳಿಯ ಮೂಲಕ ಒಡೆಯರಾದರು. ನ್ಯಾಯವಾಗಿ ಆಗಬೇಕಾದದ್ದೇ. ಆದರೆ ಮನೆಯ ಮಟ್ಟಿಗೆ ಅದರ ಪರಿಣಾಮ ಹೀಗಾಯಿತು: ನೂರು ಮುಡಿ ಗೇಣಿಯ ಆಧಾರದ ಮೇಲೆ ನಿಂತಿದ್ದ ಮಾಡು ಒಂದೇ ಸಲ ಆಧಾರ ಕಳೆದುಕೊಂಡಿತು. ಪ್ರತಿ ವರ್ಷ ಹೆಂಚು ಕೈಯಾಡಿಸಲು ಆಳಿಲ್ಲ, ಹಣವಿಲ್ಲ. ಆ ಮೇಲೆ ಗುತ್ತಿನ ಮಾಡಿಗೆ ಹಣ ಹೋದದ್ದು ಮುಂಬಯಿಯ ಹೋಟೆಲುಗಳ ಗಲ್ಲಾದಿಂದ.

ಈಗ ನಾನು ಮೊದಲು ಹೇಳಿದ ಕಾರಣ. ಉಡುಪಿ ಜಿಲ್ಲೆಯ ನಮ್ಮ ತರವಾಡು ಮನೆಗೆ ಈಗ ಮೂವತ್ತೆಂಟು ಪಾಲುದಾರರು. ಇಪ್ಪತ್ತೊಂಬತ್ತು ಮಂದಿ ಮುಂಬಯಿ, ಠಾಣೆ, ಪುಣೆಯಲ್ಲಿ, ಇಬ್ಬರು ದುಬೈಯಲ್ಲಿ. ಮನೆಯಲ್ಲಿ ವಾಸವಿರುವವರು ಎಂಬತ್ತು ದಾಟಿದ ನನ್ನ ಚಿಕ್ಕಮ್ಮ ಮತ್ತು ನೋಡಿಕೊಳ್ಳುವ ಒಬ್ಬ ಹೆಂಗಸು. ಕಳೆದ ಮಳೆಗಾಲದಲ್ಲಿ ಪಡುವಣ ಸುತ್ತಿನ ಮಾಡು ಕುಸಿಯಿತು. ಬರುವ ಮೇ ತಿಂಗಳಲ್ಲಿ ಎಲ್ಲರೂ ಸೇರಿ ತೀರ್ಮಾನಿಸಬೇಕು. ಒಂದು ಗುಂಪಿನವರು, ಮರ ಕೊಳ್ಳುವ ವ್ಯಾಪಾರಿ ಒಳ್ಳೆಯ ಬೆಲೆ ಹೇಳಿದ್ದಾನೆ, ಕಂಬ ಬಾಗಿಲು ಕೊಟ್ಟು ಆ ಹಣಕ್ಕೆ ದೈವದ ಕೋಣೆ ಸಮೇತ ಕಾಂಕ್ರೀಟಿನ ಮನೆ ಕಟ್ಟೋಣ ಎನ್ನುತ್ತಾರೆ. ಅವರ ಮಾತು ತೆಗೆದುಹಾಕುವಂತಿಲ್ಲ. ಸೋರುವ ಮಾಡಿನ ಕೆಳಗೆ ಮಲಗುವವರು ಚಿಕ್ಕಮ್ಮ, ನಾವಲ್ಲ. ಬಚ್ಚಲು ಮನೆಯ ಹೊರಗಿದೆ, ರಾತ್ರಿ ಅವರಿಗೆ ಎದ್ದು ಹೋಗಲು ಕಷ್ಟ. ಇನ್ನೊಂದು ಗುಂಪಿನವರು ಒಂದು ಹೆಂಚೂ ತೆಗೆಯಬಾರದು ಎನ್ನುತ್ತಾರೆ. ಅವರು ಊರಿಗೆ ಹೋಗುವುದು ವರ್ಷಕ್ಕೊಮ್ಮೆ, ತಂಬಿಲದ ದಿನ.

ಮ್ಯೂಸಿಯಮ್ಮಿಗೆ ಕೊಡೋಣ ಎಂದವರೂ ಇದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಾಗೆ ಬೀಳುವ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು, ಮತ್ತೆ ಜೋಡಿಸಿ, ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿದರು. ಅಲ್ಲಿ ಕುಂಜೂರು ಚೌಕಿ ಮನೆಯ ಒಳ ಅಂಗಳದಲ್ಲಿ ನಿಂತರೆ ಮಾತು ಹೊರಡುವುದಿಲ್ಲ. ಶೆಣೈಯವರು 2017ರಲ್ಲಿ ತೀರಿಕೊಂಡರು. ಮಂಗಳೂರು ಹತ್ತಿರದ ಪಿಲಿಕುಳದಲ್ಲಿ ಗುತ್ತಿನ ಮನೆಯೊಂದನ್ನು ಹೊಸದಾಗಿ ಕಟ್ಟಿ ತೋರಿಸಿದ್ದಾರೆ. ಬಿ.ಸಿ. ರೋಡಿನಲ್ಲಿ ತುಕಾರಾಮ ಪೂಜಾರಿಯವರ ತುಳು ಬದುಕು ವಸ್ತು ಸಂಗ್ರಹಾಲಯದಲ್ಲಿ ಮನೆಯೊಳಗಿನ ಕಳಸೆ, ಸೇರು, ಮರಾಯಿಗಳನ್ನು ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಆದರೆ ಎಲ್ಲ ಮನೆಗಳೂ ಮ್ಯೂಸಿಯಮ್ಮಿಗೆ ಹೋಗಲಾರವು.

ನಾನು ಸಭೆಯಲ್ಲಿ ಹೇಳಬೇಕೆಂದಿರುವುದು ಇಷ್ಟು. ಈ ಮನೆ ಎಂದೂ ಒಂದೇ ರೀತಿ ಇರಲಿಲ್ಲ. ಹುಲ್ಲಿನ ಮಾಡು ಹೆಂಚಾಯಿತು, ಸೆಗಣಿ ನೆಲ ಕಾವಿಯಾಯಿತು, ಕೋಣೆಗಳು ಹೆಚ್ಚಿದವು. ಆದ್ದರಿಂದ ಬದಲಾವಣೆಗೆ ಹೆದರಬೇಕಿಲ್ಲ. ಚಾವಡಿ, ನಡುಮನೆ, ದೈವದ ಕೋಣೆ, ಪಡಿಪ್ಪಿರೆ ಉಳಿಯಲಿ. ಕುಸಿದ ಪಡುವಣ ಸುತ್ತನ್ನು ಬಿಟ್ಟು ಅದೇ ಪಂಚಾಂಗದ ಮೇಲೆ ಚಿಕ್ಕಮ್ಮನಿಗೆ ಕೋಣೆಗೆ ತಾಗಿ ಬಚ್ಚಲು, ಗಟ್ಟಿ ನೆಲ, ಒಳ್ಳೆಯ ಬೆಳಕು ಇರುವ ಎರಡು ಕೋಣೆ ಕಟ್ಟೋಣ. ಬಿಚ್ಚಿದ ಸುತ್ತಿನ ಗಟ್ಟಿ ಪಕ್ಕಾಸುಗಳು ಚಾವಡಿಯ ಮಾಡಿಗೇ ಆಗುತ್ತವೆ, ಮಾರುವುದು ಬೇಡ. ಖರ್ಚನ್ನು ಮೂವತ್ತೆಂಟು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಬೀಳುವುದು ಇಲ್ಲಿಯ ಒಂದು ಮದುವೆಗೆ ನಾವು ಕೊಡುವ ಹಾಲಿನ ಬಾಡಿಗೆಗಿಂತ ಕಡಿಮೆ.

ಇನ್ನೊಂದು ಸಲಹೆಯೂ ಇದೆ, ಅದಕ್ಕೆ ಕೆಲವರ ಮುಖ ಸಣ್ಣಗಾಗಬಹುದು. ಮಾಡು ಸರಿಯಾದ ಮೇಲೆ ಆಗುವ ಮೊದಲ ಊಟಕ್ಕೆ, ಹಿಂದೆ ನಮ್ಮ ಒಕ್ಕಲಾಗಿದ್ದವರ ಮನೆಗಳವರನ್ನೂ, ನಮ್ಮ ದೈವ ಕಟ್ಟುವವರ ಮನೆಯವರನ್ನೂ ಕರೆದು ಚಾವಡಿಯಲ್ಲೇ ಎಲೆ ಹಾಕಬೇಕು. ಅವರ ಗೇಣಿಯ ಭತ್ತದಿಂದ ನಿಂತ ಮನೆ ಅದು.

ನಿಮ್ಮ ಊರಿನಲ್ಲೂ ಇಂಥದೊಂದು ಮನೆ ಇದ್ದರೆ, ಮುಂದಿನ ಸಲ ಹೋದಾಗ ಒಂದು ಟೇಪು, ಒಂದು ನೋಟ್‌ಬುಕ್ಕು ತೆಗೆದುಕೊಂಡು ಹೋಗಿ. ಕೋಣೆಗಳ ಅಳತೆ ಬರೆದುಕೊಳ್ಳಿ. ಯಾವ ಕೋಣೆಗೆ ಏನು ಹೆಸರು, ಯಾವ ಕಂಬ ಯಾವ ಮರದ್ದು ಎಂದು ಮನೆಯ ಹಿರಿಯ ಹೆಂಗಸನ್ನು ಕೇಳಿ, ಗಂಡಸರಿಗೆ ಚಾವಡಿ ಬಿಟ್ಟು ಹೆಚ್ಚು ಗೊತ್ತಿರುವುದಿಲ್ಲ. ಹೆಂಚಿನ ಅಚ್ಚಿನ ಫೋಟೋ ತೆಗೆಯಿರಿ. ಇವೆಲ್ಲ ಮೇ ತಿಂಗಳೊಳಗೆ ಆದರೆ ಒಳ್ಳೆಯದು. ಜೂನಿನಲ್ಲಿ ಮಳೆ ಹಿಡಿಯುತ್ತದೆ.